ಮದ್ದು ತಿಂದ ಕೋಳಿ ಮತ್ತು ನಮ್ಮ ಹಲಾಲ್ ಪ್ರಜ್ಞೆ

ಕಳೆದ ರಬೀಉಲ್ ಅವ್ವಲ್ ತಿಂಗಳಲ್ಲಿ ನಮ್ಮ ಮೊಹಲ್ಲಾದ ಮೌಲಿದ್ ಭೋಜನಕ್ಕೆ ಕೋಳಿ ತರಿಸುವ ಕುರಿತು ಜಮಾಅತ್ ಸಮಿತಿಯ ಸಭೆ ಸೇರಿತ್ತು. ಚರ್ಚೆ ಒಂದು ಗಂಟೆಗೂ ಮಿಕ್ಕಿ ನಡೆಯಿತು. ಕೊಯ್ಯುವವನು ಯಾರು, ಬಿಸ್ಮಿ ಹೇಳುತ್ತಾನೆಯೇ, ಕತ್ತಿ ಹರಿತವಾಗಿರುತ್ತದೆಯೇ, ಕೊಯ್ದ ಕೋಳಿಯ ಜೀವ ಪೂರ್ಣವಾಗಿ ಹೋಗುವ ಮುನ್ನವೇ ಬಿಸಿನೀರಿಗೆ ಹಾಕುತ್ತಾರೆಯೇ ಎಂಬ ಪ್ರಶ್ನೆಗಳೆಲ್ಲ ಬಂದವು. ಕೊನೆಗೆ ಸಮಿತಿಯ ಇಬ್ಬರು ಅಂಗಡಿಗೇ ಹೋಗಿ ಎದುರು ನಿಂತು ಕೊಯ್ಯಿಸುವುದೆಂದು ತೀರ್ಮಾನವಾಯಿತು. ನಮ್ಮ ಜನರಲ್ಲಿ ಇನ್ನೂ ಉಳಿದಿರುವ ಈ ಎಚ್ಚರಕ್ಕಾಗಿ ಅಲ್ಲಾಹನನ್ನು ಸ್ತುತಿಸುತ್ತಾ ಮನೆಗೆ ಮರಳಿದೆ.

ಮರುದಿನ ಮದ್ರಸದ ಆರನೇ ತರಗತಿಯಲ್ಲಿ ಫಿಕ್‌ಹ್ ಪಾಠವಿತ್ತು. ಪ್ರಾಣಿಯನ್ನು ದಬಹ್ ಮಾಡುವ ನಿಯಮಗಳನ್ನು ವಿವರಿಸಿ ಮುಗಿಸಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಉಸ್ತಾದ್, ನಮ್ಮ ಉಪ್ಪ ಕೋಳಿಗಳಿಗೆ ನೀರಿನಲ್ಲಿ ಮದ್ದು ಹಾಕುತ್ತಾರೆ. ಗಾಡಿ ಬರುವ ಹಿಂದಿನ ದಿನವೂ ಹಾಕಿದ್ದರು. ಆ ಕೋಳಿ ತಿನ್ನಬಹುದಾ?" ಎಂದು ಕೇಳಿದ.

ಶಾಸ್ತ್ರೋಕ್ತವಾಗಿ ಕೊಯ್ದಿದ್ದರೆ ಹಲಾಲ್ ಎಂದು ಹೇಳಿ ಅವನನ್ನು ಕೂರಿಸಿದೆ. ಉತ್ತರ ತಪ್ಪಾಗಿರಲಿಲ್ಲ. ಆದರೆ ಹುಡುಗ ಕೇಳಿದ್ದು ಕತ್ತಿಯ ವಿಷಯವನ್ನಲ್ಲ, ಆ ಕೋಳಿಯ ಹೊಟ್ಟೆಗೆ ಹೋದದ್ದರ ವಿಷಯವನ್ನು. ಅದನ್ನು ನಾನು ಕೇಳಿಸಿಕೊಳ್ಳಲೇ ಇಲ್ಲವೆಂಬುದು ರಾತ್ರಿ ಮಲಗಿದಾಗ ಹೊಳೆಯಿತು. ಹಿಂದಿನ ದಿನದ ಸಭೆಯಲ್ಲೂ ಒಂದು ಗಂಟೆಯ ಮಾತಿನ ನಡುವೆ ನಾವು ಯಾರೂ ಆ ಪ್ರಶ್ನೆಯನ್ನು ಎತ್ತಿರಲಿಲ್ಲ.

ಆ ಶುಕ್ರವಾರ ಜುಮಾದ ಬಳಿಕ ಹುಡುಗನ ತಂದೆಯೊಂದಿಗೆ ಅವರ ಫಾರಂಗೆ ಹೋದೆ. ತೋಟದ ಅಂಚಿನಲ್ಲಿ ತಗಡು ಹೊದಿಸಿದ ಉದ್ದನೆಯ ಶೆಡ್. ನೆಲಕ್ಕೆ ಮರದ ಹುಡಿಯ ಹಾಸು. ಅದರ ಮೇಲೆ ನಾಲ್ಕು ಸಾವಿರ ಕೋಳಿಗಳು, ಒಂದಕ್ಕೊಂದು ತಾಗಿಕೊಂಡು. ಮರಿಯೂ ಕಂಪನಿಯದು, ಆಹಾರವೂ ಕಂಪನಿಯದು, ಮದ್ದೂ ಕಂಪನಿಯದು. ಇವರದ್ದು ಶೆಡ್, ನೀರು, ಕರೆಂಟು ಮತ್ತು ದುಡಿಮೆ. ಆರು ವಾರಗಳೊಳಗೆ ಕೋಳಿ ಎರಡು ಕೆ.ಜಿ. ದಾಟಬೇಕು. ಎಷ್ಟು ಆಹಾರಕ್ಕೆ ಎಷ್ಟು ತೂಕ ಬಂತು, ಎಷ್ಟು ಕೋಳಿ ಸತ್ತವು ಎಂಬ ಲೆಕ್ಕದ ಮೇಲೆ ಇವರಿಗೆ ಕೂಲಿ. ಸತ್ತವುಗಳ ಸಂಖ್ಯೆ ಏರಿದರೆ ಕೂಲಿ ಇಳಿಯುತ್ತದೆ. "ಒಂದು ಕೋಳಿ ತೂಕಡಿಸಿದರೆ ಸಾಕು ಉಸ್ತಾದ್, ನಾವು ಎಲ್ಲದಕ್ಕೂ ಮದ್ದು ಹಾಕುತ್ತೇವೆ. ಕಾಯಲು ಧೈರ್ಯ ಬರುವುದಿಲ್ಲ" ಎಂದರು ಅವರು. ಮದ್ದಿನ ಡಬ್ಬಿಯನ್ನು ತಂದು ತೋರಿಸಿದರು. ಅದರ ಮೇಲಿನ ಅಕ್ಷರಗಳು ಇಂಗ್ಲಿಷಿನಲ್ಲಿದ್ದವು. ಅದೇನೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೆಸರು ಬರೆದುಕೊಂಡು ಬಂದು ವಿಚಾರಿಸಿದಾಗ ಅದು ಆಂಟಿಬಯೋಟಿಕ್ ಎಂದು ತಿಳಿಯಿತು. ನಮ್ಮ ಮಕ್ಕಳಿಗೆ ಜ್ವರ ಬಂದಾಗ ವೈದ್ಯರು ಬರೆದುಕೊಡುವ ಮದ್ದುಗಳ ಕುಟುಂಬಕ್ಕೇ ಸೇರಿದ್ದು.

ರೋಗ ಬಂದ ಪ್ರಾಣಿಗೆ ಮದ್ದು ಕೊಡುವುದು ತಪ್ಪೆಂದು ಯಾರೂ ಹೇಳುವುದಿಲ್ಲ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸಿನ ವೃತ್ತಾಂತವನ್ನು ಪ್ರವಾದಿವರ್ಯರು(ಸ) ನಮಗೆ ತಿಳಿಸಿದ್ದಾರೆ. ಮೂಕ ಜೀವಿ ನರಳುವಾಗ ಮದ್ದಿದ್ದೂ ಕೊಡದಿರುವುದು ಅದೇ ಸಾಲಿಗೆ ಸೇರುವ ಅನ್ಯಾಯ. ನನ್ನ ಆಕ್ಷೇಪವಿರುವುದು ಬೇರೆ ಎರಡು ಬಳಕೆಗಳ ಬಗ್ಗೆ. ಒಂದು, ರೋಗವೇ ಇಲ್ಲದ ಸಾವಿರಾರು ಪ್ರಾಣಿಗಳಿಗೆ ಮುನ್ನೆಚ್ಚರಿಕೆಯ ಹೆಸರಿನಲ್ಲಿ ನೀರಿನಲ್ಲೋ ಆಹಾರದಲ್ಲೋ ಬೆರೆಸಿ ಕೊಡುವುದು. ಇನ್ನೊಂದು, ಬೇಗ ತೂಕ ಬರಲೆಂದೇ ಸಣ್ಣ ಪ್ರಮಾಣದಲ್ಲಿ ನಿತ್ಯ ತಿನ್ನಿಸುವುದು.

ಈ ಎರಡನೆಯ ಪದ್ಧತಿ ಶುರುವಾದದ್ದು 1950ರ ಸುಮಾರಿಗೆ, ಅಮೆರಿಕದಲ್ಲಿ. ಆಂಟಿಬಯೋಟಿಕ್ ತಯಾರಿಕೆಯಲ್ಲಿ ಉಳಿದ ಚರಟವನ್ನು ಕೋಳಿಗಳಿಗೆ ತಿನ್ನಿಸಿದಾಗ ಅವು ಬೇಗ ಬೆಳೆದದ್ದು ಕಂಡುಬಂತು. ಅಲ್ಲಿಂದ ಅದು ಲೋಕವೆಲ್ಲ ಹರಡಿತು. ಆದರೆ ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲೇ, 1945ರ ತನ್ನ ನೊಬೆಲ್ ಉಪನ್ಯಾಸದಲ್ಲಿ, ಸಾಲದ ಪ್ರಮಾಣದ ಮದ್ದು ರೋಗಾಣುಗಳನ್ನು ಕೊಲ್ಲದೆ ಅವುಗಳಿಗೆ ಮದ್ದನ್ನು ಎದುರಿಸುವುದನ್ನು ಕಲಿಸುತ್ತದೆ ಎಂದು ಎಚ್ಚರಿಸಿದ್ದರು.

ಅದು ಹೇಗೆಂಬುದನ್ನು ಮದ್ರಸದ ಮಕ್ಕಳಿಗೂ ಅರ್ಥವಾಗುವಂತೆ ಹೇಳಬಹುದು. ಕೋಳಿಯ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಾಣುಗಳಿರುತ್ತವೆ. ಮದ್ದು ಬಿದ್ದಾಗ ದುರ್ಬಲವಾದವು ಸಾಯುತ್ತವೆ. ಹುಟ್ಟಿನಿಂದಲೇ ಆ ಮದ್ದಿಗೆ ಬಗ್ಗದ ಗುಣವಿರುವ ಕೆಲವು ಉಳಿಯುತ್ತವೆ. ಖಾಲಿಯಾದ ಜಾಗದಲ್ಲಿ ಅವುಗಳದ್ದೇ ಸಂತಾನ ತುಂಬುತ್ತದೆ. ಇನ್ನೂ ಗಂಭೀರವಾದ ಸಂಗತಿಯೆಂದರೆ, ಮದ್ದಿಗೆ ಬಗ್ಗದ ಈ ಗುಣವನ್ನು ಒಂದು ಜಾತಿಯ ಸೂಕ್ಷ್ಮಾಣು ಬೇರೊಂದು ಜಾತಿಯ ಸೂಕ್ಷ್ಮಾಣುವಿಗೆ ಕೈಬದಲು ಮಾಡಬಲ್ಲದು. ಕೋಳಿಯ ಕರುಳಿನಲ್ಲಿ ಕಲಿತ ಪಾಠವನ್ನು ಮನುಷ್ಯನ ಕರುಳಿನಲ್ಲಿರುವ ಸೂಕ್ಷ್ಮಾಣುವೂ ಕಲಿಯುತ್ತದೆ.

ಕೊಲಿಸ್ಟಿನ್ ಎಂಬ ಮದ್ದಿನ ಕತೆ ಇದಕ್ಕೆ ಸ್ಪಷ್ಟ ನಿದರ್ಶನ. ಅದು ಹಳೆಯ ಮದ್ದು. ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆಂದು ವೈದ್ಯರು ಅದನ್ನು ಬಹುಮಟ್ಟಿಗೆ ಬದಿಗಿಟ್ಟಿದ್ದರು. ಮುಂದೆ ಬೇರೆ ಮದ್ದುಗಳು ಒಂದೊಂದಾಗಿ ಸೋಲತೊಡಗಿದಾಗ, ತೀವ್ರ ನಿಗಾ ಘಟಕದಲ್ಲಿ ಮಲಗಿದ ರೋಗಿಗೆ ಕೊನೆಯ ಅಸ್ತ್ರವಾಗಿ ಅದನ್ನು ಮರಳಿ ತಂದರು. ಅದೇ ಕಾಲದಲ್ಲಿ ಹಲವು ದೇಶಗಳಲ್ಲಿ ಅದನ್ನು ಹಂದಿ ಮತ್ತು ಕೋಳಿಗಳಿಗೆ ತೂಕ ಹೆಚ್ಚಿಸಲು ಟನ್ನುಗಟ್ಟಲೆ ತಿನ್ನಿಸಲಾಗುತ್ತಿತ್ತು. 2015ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿಗಳು ಕೊಲಿಸ್ಟಿನ್‌ಗೆ ಬಗ್ಗದ, ಸೂಕ್ಷ್ಮಾಣುವಿನಿಂದ ಸೂಕ್ಷ್ಮಾಣುವಿಗೆ ದಾಟಬಲ್ಲ ವಂಶವಾಹಿಯೊಂದನ್ನು ಪ್ರಕಟಪಡಿಸಿದರು. ಅದು ಸಾಕು ಪ್ರಾಣಿಗಳಲ್ಲಿಯೂ, ಅಂಗಡಿಯ ಮಾಂಸದಲ್ಲಿಯೂ, ಆಸ್ಪತ್ರೆಯ ರೋಗಿಗಳಲ್ಲಿಯೂ ಸಿಕ್ಕಿತ್ತು. ಚೀನಾ 2017ರಲ್ಲಿ ತೂಕ ಹೆಚ್ಚಿಸಲು ಅದನ್ನು ಬಳಸುವುದನ್ನು ನಿಲ್ಲಿಸಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ ಮತ್ತು ಮೀನುಗಳಿಗೆ ಕೊಲಿಸ್ಟಿನ್ ತಯಾರಿಸಿ ಮಾರುವುದನ್ನು ನಿಷೇಧಿಸಿತು. ಅಂದರೆ ಅಲ್ಲಿಯ ತನಕ ಅದು ಇಲ್ಲಿಯೂ ಕಾನೂನುಬದ್ಧವಾಗಿ ಕೋಳಿಯ ಹೊಟ್ಟೆ ಸೇರುತ್ತಿತ್ತು.

ನಾನು ಇಷ್ಟು ಕಾಳಜಿಯಿಂದ ಬರೆಯಲು ಇನ್ನೊಂದು ಕಾರಣವೂ ಇದೆ. ಎರಡು ವರ್ಷಗಳ ಹಿಂದೆ ನನ್ನ ಹಿರಿಯ ಸೋದರಮಾವನವರಿಗೆ ಮೂತ್ರದ ಸೋಂಕು ತಗುಲಿತು. ಸಾಮಾನ್ಯ ಕಾಯಿಲೆ, ಐದು ದಿನದ ಮಾತ್ರೆ ಸಾಕೆಂದುಕೊಂಡಿದ್ದೆವು. ಜ್ವರ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಕಲ್ಚರ್ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಹದಿನಾಲ್ಕು ಮದ್ದುಗಳ ಹೆಸರಿತ್ತು. ಹನ್ನೊಂದರ ಮುಂದೆ ‘ಆರ್’ ಎಂಬ ಅಕ್ಷರ. ಈ ಮದ್ದು ನಾಟುವುದಿಲ್ಲ ಎಂದು ಅದರ ಅರ್ಥವೆಂದು ವೈದ್ಯರು ವಿವರಿಸಿದರು. ಉಳಿದ ಮೂರೂ ರಕ್ತನಾಳದ ಮೂಲಕ ಮಾತ್ರ ಕೊಡಬಹುದಾದ ದುಬಾರಿ ಮದ್ದುಗಳು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು, ಮಗಳ ಬಳೆ ಅಡವಿಟ್ಟು, ಅಲ್‌ಹಮ್ದುಲಿಲ್ಲಾಹ್, ಮನೆಗೆ ಮರಳಿದರು. ಆ ಸೋಂಕು ಕೋಳಿಯಿಂದ ಬಂತೆಂದು ನಾನು ಹೇಳಲಾರೆ. ಹಾಗೆ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಶೀತ ಬಂದರೂ ಮೆಡಿಕಲ್ ಅಂಗಡಿಯಿಂದ ನಾವೇ ಕೇಳಿ ಕೊಂಡು, ಎರಡು ಮಾತ್ರೆ ನುಂಗಿ ಉಳಿದದ್ದನ್ನು ಕಪಾಟಿನಲ್ಲಿಡುವ ಅಭ್ಯಾಸವೂ ಇದರಲ್ಲಿ ದೊಡ್ಡ ಪಾಲುದಾರ. ಸ್ವತಃ ಮಾವನವರೂ ಅದನ್ನು ಎಷ್ಟೋ ಸಲ ಮಾಡಿದ್ದರು. ಆದರೆ ‘ಆರ್’ ಎಂಬ ಆ ಅಕ್ಷರಗಳನ್ನು ನೋಡಿದ ಮೇಲೆ, ಸೋಲದೆ ಉಳಿದಿರುವ ಕೆಲವೇ ಮದ್ದುಗಳನ್ನು ಕಾಯಿಲೆಯಿಲ್ಲದ ಕೋಳಿಗೆ ಕುಡಿಸುವುದನ್ನು ಸಣ್ಣ ವಿಷಯವೆಂದು ಭಾವಿಸಲು ನನ್ನಿಂದ ಆಗುತ್ತಿಲ್ಲ. ಮದ್ದಿಗೆ ಬಗ್ಗದ ಸೋಂಕುಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಫಾರಂ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆಂಬ ಸಂದೇಶ ವರ್ಷಕ್ಕೆರಡು ಬಾರಿ ಸುತ್ತುತ್ತದೆ. ನಾಲ್ಕು ಸಾವಿರ ಕೋಳಿಗಳನ್ನು ಒಂದೊಂದಾಗಿ ಹಿಡಿದು ಚುಚ್ಚಲು ಯಾರಿಗೆ ಬಿಡುವಿದೆ? ಅವು ಬೇಗ ಬೆಳೆಯುವುದು ಮುಖ್ಯವಾಗಿ ತಳಿ ಮತ್ತು ಆಹಾರದ ಕಾರಣದಿಂದ. ಇಲ್ಲದ ಚುಚ್ಚುಮದ್ದಿಗೆ ಹೆದರುವ ನಾವು ಡಬ್ಬಿಯಲ್ಲಿ ಎದುರಿಗೇ ಇರುವ ಮದ್ದನ್ನು ವಿಚಾರಿಸುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಎಲ್ಲವೂ ಸರಿಹೋಗುತ್ತದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಬೇಯಿಸಿದರೆ ರೋಗಾಣುಗಳು ಸಾಯುತ್ತವೆ, ಅದು ನಿಜ. ಆದರೆ ಮಾಂಸದಲ್ಲಿ ಉಳಿದ ಮದ್ದಿನ ಅಂಶ ಪೂರ್ತಿಯಾಗಿ ಹೋಗುತ್ತದೆಂಬ ಭರವಸೆಯಿಲ್ಲ. ರೋಗಾಣುಗಳಿಗೂ ನಮ್ಮ ಬಳಿ ಬರಲು ಬಾಣಲೆಯೊಂದೇ ದಾರಿಯಲ್ಲ. ಶೆಡ್ಡಿನಲ್ಲಿ ದುಡಿಯುವವನ ಕೈ, ಅಂಗಡಿಯ ಮರದ ತುಂಡು, ಅಡುಗೆಮನೆಯ ಸಿಂಕಿನಲ್ಲಿ ಹಸಿ ಕೋಳಿ ತೊಳೆಯುವಾಗ ಸಿಡಿಯುವ ನೀರು, ಅದೇ ಚೂರಿಯಲ್ಲಿ ಹೆಚ್ಚಿದ ಸೌತೆಕಾಯಿ ಎಲ್ಲವೂ ದಾರಿಗಳೇ. ಮಾಂಸವನ್ನೇ ಮುಟ್ಟದವನೂ ಸುರಕ್ಷಿತನಲ್ಲ. ಶೆಡ್ಡಿನ ಗೊಬ್ಬರ ಲಾರಿ ತುಂಬಿ ಅಡಿಕೆ ತೋಟಕ್ಕೂ ಶುಂಠಿ ಹೊಲಕ್ಕೂ ಹೋಗುತ್ತದೆ. ಮಳೆಗಾಲದಲ್ಲಿ ಅಲ್ಲಿಂದ ತೋಡಿಗಿಳಿಯುತ್ತದೆ.

ಮಾಂಸದಲ್ಲಿ ಮದ್ದು ಉಳಿಯುತ್ತದೆಂಬುದು ಊಹೆಯ ಮಾತಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2014ರಲ್ಲಿ ರಾಜಧಾನಿ ಮತ್ತು ಸುತ್ತಲಿನ ಪ್ರದೇಶಗಳಿಂದ 70 ಕೋಳಿಗಳ ಮಾದರಿ ತಂದು ಪರೀಕ್ಷಿಸಿದಾಗ ನೂರಕ್ಕೆ ನಲವತ್ತರಲ್ಲಿ ಆಂಟಿಬಯೋಟಿಕ್ ಅಂಶ ಸಿಕ್ಕಿತ್ತು.

ಇದಕ್ಕೆ ಕಾನೂನು ಒಂದು ದಾರಿಯನ್ನು ಹೇಳಿದೆ. ಕೊನೆಯ ಬಾರಿ ಮದ್ದು ಕೊಟ್ಟ ಮೇಲೆ ಇಂತಿಷ್ಟು ದಿನ ಕಾಯದೆ ಆ ಪ್ರಾಣಿಯನ್ನು ಕೊಯ್ಯಬಾರದು, ಅದರ ಹಾಲು ಕರೆದು ಮಾರಬಾರದು. ಆ ಅವಧಿಯನ್ನು ಮದ್ದಿನ ಡಬ್ಬಿಯ ಮೇಲೆ ನಮೂದಿಸಬೇಕೆಂದು 2012ರಲ್ಲಿ ಔಷಧ ನಿಯಮಗಳಿಗೆ ತಿದ್ದುಪಡಿ ಬಂತು. ನಿರ್ದಿಷ್ಟ ಅವಧಿಯನ್ನು ಪರೀಕ್ಷಿಸಿ ನಿಗದಿಪಡಿಸಿರದ ಮದ್ದಾದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ. ನಲವತ್ತು ದಿನ ಬದುಕುವ ಕೋಳಿಯ ಪಾಲಿಗೆ 28 ದಿನವೆಂದರೆ ಆಯುಷ್ಯದ ಮುಕ್ಕಾಲಿಗೆ ಹತ್ತಿರ. ಗಾಡಿ ಬರುವ ಹಿಂದಿನ ದಿನವೂ ಮದ್ದು ಹಾಕಿದ್ದ ಆ ತಂದೆಗೆ ಈ ನಿಯಮದ ಸುಳಿವೇ ಇರಲಿಲ್ಲ. ಹೇಳಬೇಕಾದವರು ಹೇಳಿರಲಿಲ್ಲ.

ಈ ಕಾಯುವ ಅವಧಿಯ ಬಗ್ಗೆ ಓದುತ್ತಿದ್ದಾಗ ನನಗೆ ದರ್ಸ್‌ನಲ್ಲಿ ಕಲಿತ ‘ಜಲ್ಲಾಲ’ದ ಅಧ್ಯಾಯ ನೆನಪಾಯಿತು. ಹೊಲಸನ್ನು ತಿಂದು ಬೆಳೆಯುವ ಪ್ರಾಣಿಗೆ ಜಲ್ಲಾಲ ಎನ್ನುತ್ತಾರೆ. ಅದರ ಮಾಂಸವನ್ನೂ ಹಾಲನ್ನೂ ಪ್ರವಾದಿವರ್ಯರು(ಸ) ವಿರೋಧಿಸಿರುವುದನ್ನು ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. ಅದರ ವರದಿಗಾರರಾದ ಇಬ್ನ್ ಉಮರ್(ರ) ಅಂತಹ ಕೋಳಿಯನ್ನು ಮೂರು ದಿನ ಕೂಡಿಹಾಕಿ, ಶುದ್ಧ ಆಹಾರ ತಿನ್ನಿಸಿ, ಆ ಬಳಿಕವೇ ಕೊಯ್ಯುತ್ತಿದ್ದರು. ಶಾಫಿಈ ಮದ್‌ಹಬ್‌ನಲ್ಲಿ ಇಮಾಮ್ ನವವಿ(ರ.ಅ) ಮಾಂಸ ಕೆಟ್ಟ ಜಲ್ಲಾಲವನ್ನು ಕರಾಹತ್ ಎಂದರೆ, ಹರಾಮ್ ಎಂದವರೂ ಇದ್ದಾರೆ. ಶುದ್ಧ ಮೇವು ತಿಂದು ಮಾಂಸ ಸರಿಯಾದರೆ ಅಡ್ಡಿಯಿಲ್ಲವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಪ್ರಯೋಗಾಲಯಗಳಿಲ್ಲದ ಆ ಕಾಲದಲ್ಲಿಯೇ, ಪ್ರಾಣಿ ತಿಂದದ್ದು ಅದರ ಮಾಂಸದಲ್ಲಿ ಉಳಿಯುತ್ತದೆ, ಕಾದರೆ ಇಳಿಯುತ್ತದೆ ಎಂಬುದನ್ನು ನಮ್ಮ ಹಿರಿಯರು ಗಮನಿಸಿ ಅದನ್ನು ಊಟದ ನಿಯಮವಾಗಿಸಿದ್ದರು.

ಆಂಟಿಬಯೋಟಿಕ್ ನಜಸ್ ಅಲ್ಲ. ಆದ್ದರಿಂದ ಮದ್ದು ತಿಂದ ಕೋಳಿ ಜಲ್ಲಾಲ ಎಂದು ನಾನು ಹೇಳುತ್ತಿಲ್ಲ, ಫತ್ವಾ ನೀಡುವ ಅರ್ಹತೆಯೂ ನನ್ನದಲ್ಲ. ಅತಿಯಾದ ಶಂಕೆಯೂ ದೀನ್‌ನಲ್ಲಿ ಮೆಚ್ಚುಗೆಯಾದದ್ದಲ್ಲ. ಕೋಳಿ ಏನೋ ಹೊಲಸು ತಿನ್ನುವುದನ್ನು ಕಂಡು ಅದನ್ನು ಮುಟ್ಟುವುದಿಲ್ಲವೆಂದು ಆಣೆ ಹಾಕಿದ್ದ ವ್ಯಕ್ತಿಯನ್ನು ಅಬೂ ಮೂಸಾ ಅಲ್-ಅಶ್‌ಅರಿ(ರ) ಊಟಕ್ಕೆ ಕರೆದು, ಪ್ರವಾದಿವರ್ಯರು(ಸ) ಕೋಳಿ ತಿನ್ನುವುದನ್ನು ತಾನು ಕಂಡಿರುವುದಾಗಿ ತಿಳಿಸಿದ ಘಟನೆ ಬುಖಾರಿಯಲ್ಲಿದೆ. ನನ್ನ ಮಾತಿಷ್ಟೇ: ಕೋಳಿ ಏನು ತಿಂದಿದೆ ಎಂದು ಕೇಳುವುದು ಆಧುನಿಕರ ಚಪಲವಲ್ಲ, ಅದು ಫಿಕ್‌ಹ್‌ನ ಹಳೆಯ ಪ್ರಶ್ನೆ. ಸೂರಃ ಅಲ್-ಬಕರದ 168ನೇ ಸೂಕ್ತದಲ್ಲಿ ಅಲ್ಲಾಹನು ಆಹಾರದ ಬಗ್ಗೆ ಮನುಕುಲವನ್ನೇ ಸಂಬೋಧಿಸುವಾಗ ಹಲಾಲ್ ಎಂಬ ಶಬ್ದದ ಬೆನ್ನಿಗೇ ತಯ್ಯಿಬ್, ಅಂದರೆ ಉತ್ತಮವಾದದ್ದು, ಎಂಬ ಶಬ್ದವನ್ನೂ ಇಟ್ಟಿದ್ದಾನೆ. ನಾವು ಮೊದಲ ಶಬ್ದಕ್ಕೆ ಫಲಕ ಬರೆಸಿ ಅಂಗಡಿಯ ಮುಂದೆ ತೂಗುಹಾಕಿದೆವು. ಎರಡನೆಯದನ್ನು ತಜ್ವೀದ್ ಸಹಿತ ಓದಿ ಮುಂದೆ ಹೋದೆವು.

ತಪ್ಪು ಯಾರದು? ಶೆಡ್ಡಿನಲ್ಲಿ ದುಡಿಯುವ ರೈತನನ್ನು ದೂರುವುದು ಸುಲಭ. ಆದರೆ ಮದ್ದನ್ನು ಆರಿಸುವವನು ಅವನಲ್ಲ, ಆಹಾರದ ಚೀಲದಲ್ಲಿ ಏನು ಬೆರೆತಿದೆಯೆಂದು ಅವನಿಗೆ ಯಾರೂ ಹೇಳುವುದಿಲ್ಲ. ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈ ಹಾಕಿ ನೋಡಿದಾಗ ಬೆರಳಿಗೆ ತೇವ ತಾಗಿದ ಹದೀಸ್ ನಮಗೆಲ್ಲ ಗೊತ್ತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಅವರು ವ್ಯಾಪಾರಿಯನ್ನು ಕೇಳಿದರು. ಗಮನಿಸಿ, ಮಳೆಗೆ ನೆನೆದದ್ದು ಆ ವ್ಯಾಪಾರಿಯ ತಪ್ಪಾಗಿರಲಿಲ್ಲ, ಮುಚ್ಚಿಟ್ಟದ್ದು ತಪ್ಪಾಗಿತ್ತು. ಮದ್ದಿನ ದಿನಾಂಕವನ್ನು ಮುಚ್ಚಿಟ್ಟು ಮಾರುವ ಕೋಳಿಗೂ ಈ ಮಾತು ಅನ್ವಯಿಸದೆಂದು ಹೇಳುವುದು ಕಷ್ಟ. ನಮ್ಮ ಸಮುದಾಯದಲ್ಲಿ ಕೋಳಿ, ಕುರಿ ವ್ಯಾಪಾರ ಮಾಡುವ ಕುಟುಂಬಗಳು ಬಹಳ. ಆದ್ದರಿಂದ ಈ ಹದೀಸ್ ನಮ್ಮ ಮನೆಗೇ ಬಂದು ಬಾಗಿಲು ತಟ್ಟುತ್ತದೆ.

ಮದ್ದಿಲ್ಲದೆ ಸಾಕಿದರೆ ಬೆಲೆ ಏರುತ್ತದೆ, ಬಡವ ಕೋಳಿ ತಿನ್ನುವುದು ಬೇಡವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಸ್ವಲ್ಪ ಏರಬಹುದು. ಆದರೆ ಮಾಡಿ ತೋರಿಸಿದವರಿದ್ದಾರೆ. ಡೆನ್ಮಾರ್ಕ್ 1995ರಲ್ಲಿ ತೂಕ ಹೆಚ್ಚಿಸಲು ಬಳಸುತ್ತಿದ್ದ ಅವೊಪಾರ್ಸಿನ್ ಎಂಬ ಮದ್ದನ್ನು ನಿಷೇಧಿಸಿ, ಕೆಲವೇ ವರ್ಷಗಳಲ್ಲಿ ಅಂತಹ ಬಳಕೆಯನ್ನೇ ಕೈಬಿಟ್ಟಿತು. ಅಲ್ಲಿನ ಕೋಳಿ ಸಾಕಣೆ ಕುಸಿಯಲಿಲ್ಲ. ಹಂದಿ ಮರಿಗಳಲ್ಲಿ ಮೊದಮೊದಲು ಭೇದಿ ಹೆಚ್ಚಿತೆಂಬುದನ್ನೂ ಮುಚ್ಚಿಡಬೇಕಾಗಿಲ್ಲ. 2006ರ ಜನವರಿ 1ರಿಂದ ಇಡೀ ಐರೋಪ್ಯ ಒಕ್ಕೂಟ ಆ ಪದ್ಧತಿಯನ್ನು ನಿಲ್ಲಿಸಿತು. ನಾರ್ವೆಯ ಸಾಲ್ಮನ್ ಮೀನು ಸಾಕಣೆಯಲ್ಲಿ 1980ರ ದಶಕದ ಕೊನೆಗೆ ಟನ್ನುಗಟ್ಟಲೆ ಮದ್ದು ಸುರಿಯುತ್ತಿದ್ದರು. ಮೀನಿಗೇ ಲಸಿಕೆ ಹಾಕುವ ವಿಧಾನ ಬಂದ ಮೇಲೆ ಸಾಕುವ ಮೀನು ಹಲವು ಪಟ್ಟು ಹೆಚ್ಚಿತು, ಮದ್ದಿನ ಬಳಕೆ ಅತ್ಯಲ್ಪಕ್ಕಿಳಿಯಿತು. ಲಸಿಕೆ, ಒಣ ಹಾಸು, ಸ್ವಲ್ಪ ಹೆಚ್ಚು ಜಾಗ, ಎರಡು ಬ್ಯಾಚ್‌ಗಳ ನಡುವೆ ಶೆಡ್ ತೊಳೆದು ಖಾಲಿ ಬಿಡುವುದು ಇವೆಲ್ಲ ನಮ್ಮ ಊರಿಗೆ ಎಟುಕದ ವಿದ್ಯೆಗಳೇನಲ್ಲ. ಬೆಲೆಯ ಮಾತಿಗೆ ಬಂದರೆ, ಮಾವನವರ ಹನ್ನೆರಡು ದಿನಗಳ ಆಸ್ಪತ್ರೆಯ ಬಿಲ್ಲನ್ನು ನಾನು ನೋಡಿದ್ದೇನೆ.

ಮಾಂಸ, ಹಾಲು, ಮೊಟ್ಟೆ ಮತ್ತು ಮೀನಿನ ಉತ್ಪಾದನೆಯಲ್ಲಿ ಬಳಸಲೇಬಾರದ ಮದ್ದುಗಳ ಪಟ್ಟಿಯನ್ನು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ವಿಸ್ತರಿಸಿದ್ದು, ಅದು 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕಾಗದದ ಮೇಲೆ ಕಾನೂನು ಇದೆ. ಆದರೆ ಪ್ರತಿ ಶೆಡ್ಡಿಗೂ ಅಧಿಕಾರಿ ಬರುವುದಿಲ್ಲ, ಬರುವುದು ಖರೀದಿದಾರ. ಒಂದು ಮೊಹಲ್ಲಾದ ಮದುವೆಗಳು, ರಮಝಾನಿನ ಇಫ್ತಾರ್‌ಗಳು, ಮೌಲಿದ್‌ಗಳು ಸೇರಿದರೆ ವರ್ಷಕ್ಕೆ ಎಷ್ಟು ಕ್ವಿಂಟಾಲ್ ಕೋಳಿಯಾಗುತ್ತದೆಂದು ಸಮಿತಿಯ ಕಾರ್ಯದರ್ಶಿಯನ್ನು ಕೇಳಿ ನೋಡಿ. ಅಷ್ಟನ್ನು ಕೊಳ್ಳುವವರು ಕತ್ತಿಯ ಬಗ್ಗೆ ಕೇಳಿದಾಗ ಇಡೀ ಮಾರುಕಟ್ಟೆ ಹಲಾಲ್ ಫಲಕ ಹಾಕಿತು. ಕೊನೆಯ ಮದ್ದು ಯಾವ ದಿನ ಹಾಕಿದ್ದು ಎಂದು ಕೇಳಿದರೆ ಅದಕ್ಕೂ ಉತ್ತರ ಹುಡುಕುತ್ತದೆ.

ಇಫ್ತಾರ್‌ಗೆ ಕೋಳಿ ಹೇಳುವಾಗ ನಾನು ಆ ಪ್ರಶ್ನೆ ಕೇಳಿದೆ. ಇಪ್ಪತ್ತು ವರ್ಷಗಳಿಂದ ವ್ಯಾಪಾರ ಮಾಡುತ್ತಿರುವ ಅಂಗಡಿಯವರು ನಕ್ಕರು, "ಉಸ್ತಾದರೇ, ಇದನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ" ಎಂದರು. ಎರಡು ದಿನ ಬಿಟ್ಟು ಫೋನ್ ಮಾಡಿ, ಒಬ್ಬ ಸಾಕಣೆದಾರ ದಿನಾಂಕ ಬರೆದು ಕೊಡಲು ಒಪ್ಪಿದ್ದಾನೆ, ಕೆ.ಜಿ.ಗೆ ನಾಲ್ಕು ರೂಪಾಯಿ ಹೆಚ್ಚು ಎಂದು ತಿಳಿಸಿದರು. ಸಮಿತಿ ಒಪ್ಪಿತು. ಆ ಹುಡುಗನಿಗೂ ತರಗತಿಯಲ್ಲಿ ಎಲ್ಲರ ಎದುರು ನನ್ನ ಮೊದಲ ಉತ್ತರ ಅರ್ಧವಾಗಿತ್ತೆಂದು ಹೇಳಿ, ಉಳಿದರ್ಧವನ್ನು ವಿವರಿಸಿದೆ. ಮೊನ್ನೆ ಅವರ ಶೆಡ್ಡಿಗೆ ಹೋಗಿದ್ದಾಗ ಕಂಬಕ್ಕೆ ನಮ್ಮ ಮಸೀದಿಯ ಕ್ಯಾಲೆಂಡರ್ ತೂಗುಹಾಕಿದ್ದರು. ಮದ್ದು ಹಾಕಿದ ದಿನಗಳಿಗೆ ಹುಡುಗ ಪೆನ್ಸಿಲಿನಲ್ಲಿ ಸುತ್ತು ಬರೆದಿದ್ದ. ಆ ತಿಂಗಳಲ್ಲಿ ಎರಡು ಸುತ್ತುಗಳಿದ್ದವು, ಎರಡೂ ಮೊದಲ ವಾರದಲ್ಲಿ.